ಬಾಡಿಗೆ ಗಾಡಿ: ದರ ಕೇಳಿದಿರಿ, ಷರತ್ತು ಕೇಳಿದಿರಾ?

ಬಾಡಿಗೆ ಕಾರು, ಕ್ರೂಸರ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬಿಲ್ಲಿನ ತಕರಾರಿನವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ. ಲೆಕ್ಕ ತೋರಿಸಲು ಬಳಸಿದ ಕಿ.ಮೀ. ದರ ಮತ್ತು ಬಾಟಾ (ಡ್ರೈವರ್‌ಗೆ ಕೊಡುವ ದಿನದ ಭತ್ಯೆ) ಉದಾಹರಣೆಗೆ ಮಾತ್ರ. ಗಾಡಿ ಯಾವುದು, ಲಗ್ನದ ಸೀಸನ್ನೋ ಅಲ್ಲವೋ ಎಂಬುದರ ಮೇಲೆ ಅವು ಏರಿಳಿಯುತ್ತವೆ.

ಪ್ರಶ್ನೆ: ಕಿ.ಮೀ.ಗೆ 13 ರೂಪಾಯಿಯಂತೆ ಮಾತಾಡಿ ಬೆಂಗಳೂರಿಗೆ ಹೋಗಿ ಬಂದೆವು. ಶುಕ್ರವಾರ ರಾತ್ರಿ 10ಕ್ಕೆ ಹೊರಟು, ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ, ರಾತ್ರಿ 1 ಗಂಟೆಗೆ ಮನೆ ಮುಟ್ಟಿದೆವು. ಮೀಟರ್ ಪ್ರಕಾರ 1,090 ಕಿ.ಮೀ. ಆಗಿತ್ತು. ಬಿಲ್ಲಿನಲ್ಲಿ ಮಾತ್ರ 1,104 ಕಿ.ಮೀ., ಮೂರು ದಿನದ ಬಾಟಾ, ಮೇಲೆ ರಾತ್ರಿ ಚಾರ್ಜ್ ಹಾಕಿದ್ದರು. ಇದು ಸರಿಯೇ? (ವಿಜಯಪುರದ ಓದುಗರು)

ಉತ್ತರ: ಮೂರು ದಿನದ ಬಾಟಾ ರೂಢಿಯಲ್ಲಿರುವುದೇ. ಪರಊರಿನ ಬಾಡಿಗೆಯಲ್ಲಿ ಒಂದು ದಿನ ಎಂದರೆ ಸಾಮಾನ್ಯವಾಗಿ ರಾತ್ರಿ 12ರಿಂದ ಮರುದಿನ ರಾತ್ರಿ 12ರ ತನಕ. ನೀವು ಗಾಡಿ ಹತ್ತಿದ ಹೊತ್ತಿನಿಂದ 24 ಗಂಟೆ ಎಣಿಸುವ ಮಾಲೀಕರು ಕಡಿಮೆ. ಹಾಗಾಗಿ ಶುಕ್ರವಾರದ ಎರಡು ತಾಸು ಒಂದು ದಿನವಾಯಿತು, ಭಾನುವಾರದ ಒಂದು ತಾಸು ಇನ್ನೊಂದು ದಿನವಾಯಿತು. ದಿನಕ್ಕೆ 400 ರೂಪಾಯಿ ಬಾಟಾ ಇದ್ದರೆ 1,200. ದಿನಕ್ಕೆ ಕನಿಷ್ಠ 300 ಕಿ.ಮೀ. ಎಂಬ ಷರತ್ತಿದ್ದರೂ ನಿಮಗೆ ಅದು ತಟ್ಟಿಲ್ಲ. ಮೂರು ದಿನಕ್ಕೆ 900 ಆಗುತ್ತಿತ್ತು, ನೀವು ಓಡಿಸಿದ್ದು ಅದಕ್ಕಿಂತ ಹೆಚ್ಚು.

ಹೆಚ್ಚಿಗೆ ಬಂದ 14 ಕಿ.ಮೀ. ಶೆಡ್ಡಿನಿಂದ ನಿಮ್ಮ ಮನೆಗೆ, ನಿಮ್ಮ ಮನೆಯಿಂದ ಶೆಡ್ಡಿಗೆ ಬಂದುಹೋದದ್ದು. ಇದಕ್ಕೆ 'ಗ್ಯಾರೇಜ್ ಟು ಗ್ಯಾರೇಜ್' ಎನ್ನುತ್ತಾರೆ. ಮೊದಲೇ ಹೇಳಿದ್ದರೆ ಕೊಡಬೇಕು, ಹೇಳದೆ ಬಿಲ್ಲಿನಲ್ಲಿ ತೂರಿಸಿದ್ದರೆ ಕೇಳುವ ಹಕ್ಕು ನಿಮಗಿದೆ. ಗಾಡಿ ಬಾಗಿಲಿಗೆ ಬಂದ ಕೂಡಲೇ ಕಿ.ಮೀ. ರೀಡಿಂಗಿನ ಫೋಟೊ ತೆಗೆದುಕೊಂಡು ಮಾಲೀಕರಿಗೆ ಕಳಿಸಿ. ಇಳಿದಾಗ ಇನ್ನೊಂದು. ಟ್ರಿಪ್ ಮೀಟರ್ ಫೋಟೊ ಉಪಯೋಗಕ್ಕಿಲ್ಲ, ಒಂದು ಗುಂಡಿ ಒತ್ತಿದರೆ ಅದು ಸೊನ್ನೆಗೆ ಬರುತ್ತದೆ. ಗಾಡಿ ಈವರೆಗೆ ಓಡಿದ ಒಟ್ಟು ಅಂಕಿ ಕಾಣಬೇಕು.

ಬಾಟಾ ತೆಗೆದುಕೊಂಡು ಮೇಲೆ ರಾತ್ರಿ ಚಾರ್ಜನ್ನೂ ಹಾಕುವುದು ಕೆಲವರ ಪದ್ಧತಿ, ಎಲ್ಲರದ್ದಲ್ಲ. ಅಡ್ವಾನ್ಸ್ ಕೊಡುವ ಮುನ್ನ ವಾಟ್ಸ್ಆಪ್‌ನಲ್ಲಿ ಹೀಗೊಂದು ಸಾಲು ಕಳಿಸಿ, 'ಓಕೆ' ಎಂಬ ಉತ್ತರ ಪಡೆಯಿರಿ: 'ವಿಜಯಪುರ–ಬೆಂಗಳೂರು–ವಿಜಯಪುರ, ಡಿಜೈರ್ ಎಸಿ, ಕಿ.ಮೀ.ಗೆ 13, ದಿನಕ್ಕೆ ಕನಿಷ್ಠ 300, ರೀಡಿಂಗ್ ನಮ್ಮ ಮನೆಯಿಂದ ಮನೆಗೆ, ಬಾಟಾ ದಿನಕ್ಕೆ 400, ರಾತ್ರಿ ಚಾರ್ಜ್ ಇಲ್ಲ, ಟೋಲ್–ಪಾರ್ಕಿಂಗ್ ರಸೀದಿ ಪ್ರಕಾರ, ಅಡ್ವಾನ್ಸ್ 2,000.' ಇದರಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂಬುದನ್ನೂ ಕೇಳಿ. ನೋಂದಾಯಿತ ಸಂಸ್ಥೆಗಳು ಸಾಮಾನ್ಯವಾಗಿ ಶೇ 5 ಸೇರಿಸುತ್ತವೆ.

ನೀವು ಕೇಳದ ಮಾತೊಂದು ಉಳಿದಿದೆ, ನಮ್ಮ ಮಟ್ಟಿಗೆ ಅದೇ ದೊಡ್ಡದು. 27 ತಾಸಿನಲ್ಲಿ ಒಬ್ಬನೇ ಡ್ರೈವರ್ ಹತ್ತಿರ ಹತ್ತಿರ 20 ತಾಸು ಸ್ಟೀರಿಂಗ್ ಹಿಡಿದಿದ್ದಾನೆ. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸಿನ ಮಿತಿ ಹಾಕಿತ್ತು, ದೂರದ ಮಾರ್ಗಕ್ಕೆ 10 ತಾಸು. ಐದಕ್ಕಿಂತ ಕಡಿಮೆ ಕೆಲಸಗಾರರಿದ್ದ ಸಣ್ಣ ಮಾಲೀಕರಿಗೆ ಆ ಕಾಯ್ದೆ ಅನ್ವಯಿಸದೆ ಇದ್ದಿರಬಹುದು, ನಿದ್ದೆ ಎಲ್ಲರಿಗೂ ಅನ್ವಯಿಸುತ್ತದೆ. ಇಂಥ ಓಟಕ್ಕೆ ಎರಡನೇ ಡ್ರೈವರ್ ಕೇಳಿ, ಇಲ್ಲವೇ ಅಲ್ಲಿ ಒಂದು ರಾತ್ರಿ ಹಾಲ್ಟ್ ಮಾಡಿ. ಹಳದಿ ಬೋರ್ಡಿನ ಕಾರಿಗೆ 80 ಕಿ.ಮೀ. ವೇಗದ ಮಿತಿ ಇರುವುದರಿಂದ 'ಸ್ವಲ್ಪ ಹೊಡೀರಿ' ಎಂದು ಅವಸರ ಮಾಡಿ ಪ್ರಯೋಜನವೂ ಇಲ್ಲ.

ಪ್ರಶ್ನೆ: ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಎರಡು ದಿನ ಕಾರು ಮಾಡಿದ್ದೆವು. ಓಡಿದ್ದು 390 ಕಿ.ಮೀ., ದುಡ್ಡು ಕೊಟ್ಟಿದ್ದು 600 ಕಿ.ಮೀ.ಗೆ. (ಬೆಳಗಾವಿಯ ಓದುಗರು)

ಉತ್ತರ: ಕನಿಷ್ಠ ಕಿ.ಮೀ. ಷರತ್ತಿನ ಏಟು ನಿಮಗೆ ಬಿದ್ದಿದೆ. 13 ರೂಪಾಯಿಯಂತೆ 390ಕ್ಕೆ 5,070 ಆಗುತ್ತಿತ್ತು, 600ಕ್ಕೆ 7,800 ಆಯಿತು. ನಿಮ್ಮ ಜೊತೆ ಎರಡು ದಿನ ನಿಂತ ಗಾಡಿಗೆ ಬೇರೆ ಬಾಡಿಗೆ ಸಿಗುವುದಿಲ್ಲ, ಕಂತು ಮಾತ್ರ ಓಡುತ್ತಲೇ ಇರುತ್ತದೆ. ಅದಕ್ಕೇ ಈ ಷರತ್ತು. ಕೆಲವರದ್ದು 250, ಕೆಲವರದ್ದು 300. ದರ 50 ಪೈಸೆ ಇಳಿಸಿ ಎಂದು ಚೌಕಾಶಿ ಮಾಡುವ ಬದಲು ಕನಿಷ್ಠವನ್ನು 250ಕ್ಕೆ ಇಳಿಸಿಕೊಂಡಿದ್ದರೆ ನಿಮಗೆ 1,300 ರೂಪಾಯಿ ಉಳಿಯುತ್ತಿತ್ತು.

ಇನ್ನೊಂದು ದಾರಿ ಇದೆ. ಬಾದಾಮಿ ತನಕ ಬಸ್ಸಿನಲ್ಲಿ ಹೋಗಿ, ಅಲ್ಲಿ 8 ತಾಸು–80 ಕಿ.ಮೀ. ಲೆಕ್ಕದ ಗಾಡಿ ಹಿಡಿಯಿರಿ. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಸುಮಾರು 14. ಮಹಾಕೂಟ, ಬನಶಂಕರಿ ಸೇರಿಸಿದರೆ 80 ಕೊಂಚ ಮೀರುತ್ತದೆ, ಆದ್ದರಿಂದ ಹೆಚ್ಚುವರಿ ಕಿ.ಮೀ. ಮತ್ತು ಹೆಚ್ಚುವರಿ ತಾಸಿನ ದರ ಮೊದಲೇ ಕೇಳಿಕೊಳ್ಳಿ. ವಯಸ್ಸಾದವರಿದ್ದರೆ ಗುಹೆಗಳ ಮೆಟ್ಟಿಲಿನಲ್ಲೇ ಎರಡು ತಾಸು ಹೋಗುತ್ತದೆ. ಮೊದಲು ಮುಗಿಯುವುದು ಕಿ.ಮೀ. ಅಲ್ಲ, ತಾಸು.

ಟೋಲ್ ಬಗ್ಗೆ ಹಲವರು ಕೇಳಿದ್ದಾರೆ. ಹಿರೇಬಾಗೇವಾಡಿ, ಹತ್ತರಗಿಯಂಥ ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಲ್ಲಿ 24 ತಾಸಿನೊಳಗೆ ವಾಪಸ್ ಬಂದರೆ ಎರಡೂ ಸೇರಿ ಒಂದೂವರೆ ಪಟ್ಟು ಮಾತ್ರ ಕಡಿತವಾಗುತ್ತದೆ. ಬಿಲ್ಲಿನಲ್ಲಿ ಎರಡು ಪಟ್ಟು ಬರೆದಿದ್ದರೆ ಫಾಸ್ಟ್ಯಾಗ್ ಮೆಸೇಜ್ ತೋರಿಸಲು ಹೇಳಿ. ಟ್ಯಾಗ್‌ನಲ್ಲಿ ದುಡ್ಡಿಲ್ಲದೆ ಹೆಚ್ಚಿನ ಶುಲ್ಕ ಕಟ್ಟಿದ್ದರೆ ಆ ಹೆಚ್ಚುವರಿ ಮಾಲೀಕರದ್ದು, ನಿಮ್ಮದಲ್ಲ.

ಪ್ರಶ್ನೆ: ಪರಿಚಯದವರ ಬಿಳಿ ಬೋರ್ಡಿನ ಕಾರು ಕಿ.ಮೀ.ಗೆ ಮೂರು ರೂಪಾಯಿ ಕಮ್ಮಿಗೆ ಸಿಗುತ್ತದೆ. ತಪ್ಪೇನು? (ಮುಧೋಳದ ಓದುಗರು)

ಉತ್ತರ: ಅಗ್ಗವಾಗಲು ಕಾರಣವಿದೆ. ಪರ್ಮಿಟ್ ಇಲ್ಲ, ಫಿಟ್‌ನೆಸ್ ತಪಾಸಣೆಯ ಖರ್ಚಿಲ್ಲ, ಬಾಡಿಗೆ ವಾಹನದ ವಿಮೆಯ ಕಂತಿಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 66ರ ಪ್ರಕಾರ ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವಂತಿಲ್ಲ. ಹಿಡಿದರೆ ದಂಡ ಮಾಲೀಕರಿಗೆ, ಗಾಡಿ ನಿಲ್ಲಿಸಿಕೊಂಡರೆ ನಡುರಸ್ತೆಯಲ್ಲಿ ಇಳಿಯುವವರು ನೀವು. ಅದಕ್ಕಿಂತ ಕೆಟ್ಟದ್ದು ಅಪಘಾತದ ನಂತರದ ಪಾಡು. ಖಾಸಗಿ ಕಾರಿನ ಪಾಲಿಸಿಯಲ್ಲಿ 'ಬಾಡಿಗೆಗೆ ಬಳಸುವಂತಿಲ್ಲ' ಎಂಬ ಷರತ್ತು ಇದ್ದೇ ಇರುತ್ತದೆ. ದುಡ್ಡು ಕೊಟ್ಟು ಹತ್ತಿದ್ದು ಗೊತ್ತಾದರೆ ವಿಮಾ ಕಂಪನಿ ಅದನ್ನೇ ಹಿಡಿದು ವಾದಿಸುತ್ತದೆ.

ಹಳದಿ ಬೋರ್ಡ್ ಕಂಡರೆ ಸಾಕೆಂದೂ ತಿಳಿಯಬೇಡಿ. ಎಂಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿ. ವಿಮೆ, ಫಿಟ್‌ನೆಸ್, ಪರ್ಮಿಟ್ ಯಾವ ತಾರೀಖಿನ ತನಕ ಇವೆ, ವಾಹನದ ವರ್ಗ 'ಮೋಟಾರ್ ಕ್ಯಾಬ್' ಅಥವಾ 'ಮ್ಯಾಕ್ಸಿ ಕ್ಯಾಬ್' ಎಂದಿದೆಯೇ ನೋಡಿ. ಬಾಡಿಗೆ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಬೇಕು. ಹಳೆಯ ಕ್ರೂಸರ್‌ಗಳಲ್ಲಿ ತಪ್ಪಿಹೋಗಿರುವುದು ಹೆಚ್ಚಾಗಿ ಇದೇ. ಸೊಲ್ಲಾಪುರ, ಪಂಢರಪುರ, ಕೊಲ್ಲಾಪುರದ ಕಡೆ ಹೋಗುವುದಾದರೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ತಾತ್ಕಾಲಿಕ ಪರ್ಮಿಟ್ ಮತ್ತು ತೆರಿಗೆ ಯಾರು ಕಟ್ಟಬೇಕೆಂದು ಮೊದಲೇ ತೀರ್ಮಾನವಾಗಲಿ. ಗಡಿಯಲ್ಲಿ ನಿಂತು ಆ ಮಾತು ಆಡಬೇಡಿ.

ಪ್ರಶ್ನೆ: ಎರ್ಟಿಗಾ ಏಳು ಸೀಟಿನದು. ನಾವು ಏಳು ಮಂದಿ ಹಿರಿಯರು, ಎರಡು ಕೂಸು. ಸಾಲುತ್ತದೆಯೇ? (ಇಳಕಲ್ಲಿನ ಓದುಗರು)

ಉತ್ತರ: ಸಾಲುವುದಿಲ್ಲ. ಆರ್‌ಸಿಯಲ್ಲಿ ಬರೆದ ಸೀಟಿನ ಸಂಖ್ಯೆಯಲ್ಲಿ ಡ್ರೈವರ್ ಸೇರಿರುತ್ತಾನೆ, ನಿಮಗೆ ಉಳಿಯುವುದು ಆರು. ಹೆಚ್ಚು ಮಂದಿ ಹತ್ತಿದರೆ ಕಲಂ 194ಎ ಪ್ರಕಾರ ತಲೆಗೆ 200 ರೂಪಾಯಿ ದಂಡ, ಜೊತೆಗೆ ಹೆಚ್ಚಿನವರು ಇಳಿದು ಬೇರೆ ಗಾಡಿಯ ವ್ಯವಸ್ಥೆ ಆಗುವ ತನಕ ಬಿಡದೆ ನಿಲ್ಲಿಸಬಹುದು. ಹಿಂದಿನ ಸಾಲಿನಲ್ಲಿ ಜನ ಕೂತರೆ ಎರ್ಟಿಗಾದಲ್ಲಿ ಎರಡು ಸಣ್ಣ ಬ್ಯಾಗಿಗಷ್ಟೇ ಜಾಗ. ಸಿಎನ್‌ಜಿ ಗಾಡಿಯಾದರೆ ಸಿಲಿಂಡರ್ ಎಲ್ಲಿದೆ ಎಂದು ಕೇಳಿ. ಟ್ಯಾಕ್ಸಿ ಡಿಜೈರ್‌ಗಳಲ್ಲಿ ಡಿಕ್ಕಿಯ ಬಹುಪಾಲನ್ನು ಅದೇ ನುಂಗಿರುತ್ತದೆ. ನಿಮಗೆ ಕ್ರೂಸರ್ ಅಥವಾ 12 ಸೀಟಿನ ಟೆಂಪೊ ಟ್ರಾವೆಲರ್ ಸರಿ.

ಪ್ರಶ್ನೆ: ಮಳೆಗಾಲದಲ್ಲಿ ಗೋವಾ ವಿಮಾನ ನಿಲ್ದಾಣಕ್ಕೆ ಬರೀ ಡ್ರಾಪ್ ಬೇಕು. ಹೋಗಿ ಬರುವ ಬಾಡಿಗೆಯನ್ನೇ ಕೇಳುತ್ತಿದ್ದಾರೆ. (ಬೆಳಗಾವಿ, ಖಾನಾಪುರದ ಓದುಗರು)

ಉತ್ತರ: ಗಾಡಿ ಖಾಲಿ ವಾಪಸ್ ಬರಬೇಕಲ್ಲ. ಒಂದು ಬದಿಗೆ 130 ಕಿ.ಮೀ. ಹಿಡಿದರೆ ಎರಡೂ ಸೇರಿ 260, ಕನಿಷ್ಠ 300 ಎಂದಾದರೆ 300ರ ದುಡ್ಡು. ಆದ್ದರಿಂದ ಡ್ರಾಪ್‌ಗೂ ಅಪ್‌–ಡೌನ್‌ಗೂ ವ್ಯತ್ಯಾಸ ಇರುವುದಿಲ್ಲ. ಅದೇ ದಿನ ಗೋವಾದಿಂದ ಬರುವ ನೆಂಟರಿದ್ದರೆ ಇಬ್ಬರೂ ಕೂಡಿ ಒಂದೇ ಗಾಡಿ ಮಾಡುವುದು ಲಾಭ. ಆದರೆ ಹತ್ತಿಸಿಕೊಳ್ಳುವವರ ಹೆಸರನ್ನು ಮೊದಲೇ ಮಾಲೀಕರಿಗೆ ತಿಳಿಸಿರಿ. ಹೊರರಾಜ್ಯದ ಟ್ಯಾಕ್ಸಿ ಗೋವಾದಲ್ಲಿ ಸವಾರಿ ಹತ್ತಿಸಿಕೊಂಡರೆ ಅಲ್ಲಿನ ಚಾಲಕರು ತಕರಾರು ತೆಗೆಯುವುದುಂಟು.

ಟಿಕೆಟ್ ಮೇಲೆ ಜಿಒಐ ಎಂದಿದ್ದರೆ ದಾಬೋಳಿ, ಜಿಒಎಕ್ಸ್ ಎಂದಿದ್ದರೆ ಮೋಪಾ. ಎರಡೂ ಬೇರೆ ಬೇರೆ ದಿಕ್ಕು. ಬರೀ 'ಗೋವಾ ಏರ್‌ಪೋರ್ಟ್' ಎಂದು ಬುಕ್ ಮಾಡಿದರೆ ಹೆಚ್ಚಿಗೆ ಓಡಿದ ಕಿ.ಮೀ. ನಿಮ್ಮ ತಲೆಗೇ. ಜಾಂಬೋಟಿ–ಕಣಕುಂಬಿ–ಚೋರ್ಲಾ ದಾರಿಯಲ್ಲಿ ಜೋರು ಮಳೆಗೆ ಮರ, ಮಣ್ಣು ಬಿದ್ದು ಸಂಚಾರ ನಿಲ್ಲುತ್ತದೆ. ಅನಮೋಡ ಅಥವಾ ಅಂಬೋಲಿ ಸುತ್ತಿ ಹೋಗಬೇಕಾದರೆ ಕಿ.ಮೀ. ಹೆಚ್ಚುತ್ತದೆ, ಅದು ಪ್ರಯಾಣಿಕರ ಲೆಕ್ಕಕ್ಕೇ ಬರುತ್ತದೆ. ನಿಗದಿತ ಪ್ಯಾಕೇಜ್ ಮಾತಾಡಿದ್ದರೆ 'ದಾರಿ ಬಂದ್ ಆದರೆ ಹೆಚ್ಚುವರಿ ಕಿ.ಮೀ.ಗೆ ಇಷ್ಟು' ಎಂದು ಸೇರಿಸಿಕೊಳ್ಳಿ. ಚೆಕ್‌ಇನ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ತಾಸು ಮೊದಲೇ ಮುಚ್ಚುತ್ತದೆ, ಮಳೆಗಾಲದಲ್ಲಿ ಮಾಮೂಲಿಗಿಂತ ಎರಡು ತಾಸು ಮುಂಚೆ ಬಿಡಿ.

ವಾಪಸ್ ಬರುವವರು ಡಿಕ್ಕಿಯಲ್ಲಿ ಬಾಟಲಿ ತುಂಬಿಸುವಂತಿಲ್ಲ. ಪರವಾನಗಿ ಇಲ್ಲದ ಗೋವಾ ಮದ್ಯ ಸಿಕ್ಕರೆ ಅಬಕಾರಿಯವರು ಗಾಡಿಯನ್ನೂ ಜಪ್ತಿ ಮಾಡಬಹುದು. ತಿಂಗಳುಗಟ್ಟಲೆ ಗಾಡಿ ನಿಂತರೆ ಮಾಲೀಕರು ಆ ನಷ್ಟವನ್ನು ನಿಮ್ಮಿಂದ ಕೇಳಿದರೆ ತಪ್ಪೆನ್ನಲಾಗದು. ಬ್ಯಾಗ್ ತೆಗೆದು ನೋಡುವ ಡ್ರೈವರ್ ಮೇಲೆ ಸಿಟ್ಟಾಗಬೇಡಿ.

ಪ್ರಶ್ನೆ: ಮಗನ ಲಗ್ನಕ್ಕೆ ದೊಡ್ಡ ಐಷಾರಾಮಿ ಕಾರು ಮಾತಾಡುತ್ತಿದ್ದೇವೆ. ಏನೇನು ನೋಡಬೇಕು? (ಗೋಕಾಕದ ಓದುಗರು)

ಉತ್ತರ: ಇಂಥ ಕಾರುಗಳು ತಾಸಿನ ಮೇಲೆ ಸಿಗುತ್ತವೆ. ಎಣಿಕೆ ಎಲ್ಲಿಂದ ಶುರು ಎಂಬುದೇ ಮುಖ್ಯ: ಕಾರು ಕಲ್ಯಾಣ ಮಂಟಪ ಮುಟ್ಟಿದಾಗಿನಿಂದಲೋ, ಬೆಳಗಾವಿಯ ಶೆಡ್ ಬಿಟ್ಟಾಗಿನಿಂದಲೋ? ಎರಡನೆಯದಾದರೆ ಹೂ ಕಟ್ಟುವ ಹೊತ್ತೂ ನಿಮ್ಮ ಲೆಕ್ಕಕ್ಕೇ. ಬುಕ್ ಮಾಡಿದ ಮಾಡೆಲ್, ಬಣ್ಣ, ನಂಬರ್ ಬರೆಸಿಕೊಳ್ಳಿ. 'ಅದೇ ತರಹದ್ದು' ಎಂದು ಲಗ್ನದ ದಿನ ಬೇರೆ ಕಾರು ಬಂದು ನಿಂತರೆ ಮಾಡುವುದೇನಿಲ್ಲ. ಇಂಥವುಗಳಲ್ಲಿ ಬಿಳಿ ಬೋರ್ಡಿನವೇ ಹೆಚ್ಚು, ಮುಧೋಳದವರಿಗೆ ಕೊಟ್ಟ ಉತ್ತರ ಇಲ್ಲಿಗೂ ಸಲ್ಲುತ್ತದೆ.

ಡೆಪಾಸಿಟ್ ಕಡಿತವಾಗುವುದು ಬಹುಪಾಲು ಹೂವಿನಿಂದ. ಸೆಲ್ಲೋಟೇಪನ್ನು ಪೇಂಟಿನ ಮೇಲೆ ಹಚ್ಚಿ ಬಿಸಿಲಿಗೆ ನಿಲ್ಲಿಸಿದರೆ ಗೋಂದು ಕರಗಿ ಅಂಟುತ್ತದೆ, ಉಜ್ಜಿದರೆ ಗೀರು ಬೀಳುತ್ತದೆ. ಒತ್ತಿದರೆ ಹಿಡಿದು ನಿಲ್ಲುವ ರಬ್ಬರ್ ಬಟ್ಟಲಿನ ಸ್ಟ್ಯಾಂಡ್, ಬಾಗಿಲ ಸಂದಿಯಿಂದ ಎಳೆದ ರಿಬ್ಬನ್ ಸಾಕು. ತಂತಿ ಬೇಡವೇ ಬೇಡ. ಮುಂದಿನ ಗ್ರಿಲ್ ಮುಚ್ಚುವಂತೆ ಹೂ ಕಟ್ಟಬೇಡಿ: ಬ್ಯಾಂಡಿನ ಹಿಂದೆ ತಾಸುಗಟ್ಟಲೆ ತೆವಳುವ ಕಾರಿಗೆ ಗಾಳಿ ಮೊದಲೇ ಸಿಗದು, ಗ್ರಿಲ್ಲೂ ಮುಚ್ಚಿದರೆ ಎಂಜಿನ್ ಕಾಯುತ್ತದೆ, ಎಸಿ ತಾನಾಗಿಯೇ ನಿಲ್ಲುತ್ತದೆ. ಒಳಗೆ ಬಾಸಿಂಗ ಕಟ್ಟಿಕೊಂಡು ಕೂತ ಮದುಮಗನ ಸ್ಥಿತಿ ಹೇಳಬೇಕಾಗಿಲ್ಲ. ಬಾನೆಟ್ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವ ಗೆಳೆಯರನ್ನು ತಡೆಯಿರಿ, ತಗಡು ತಗ್ಗಿದರೆ ಪಟ್ಟಿಗೆ ಸಾವಿರಗಳ ಲೆಕ್ಕ ಸೇರುತ್ತದೆ. ಕಾರು ಬಂದಾಗ ಮತ್ತು ಬಿಟ್ಟಾಗ ನಾಲ್ಕೂ ಬದಿಯ ವಿಡಿಯೊ ಇಟ್ಟುಕೊಳ್ಳಿ.

ಪ್ರಶ್ನೆ: ಬುಕ್ ಮಾಡಿ ರದ್ದಾದರೆ ಅಡ್ವಾನ್ಸ್ ವಾಪಸ್ ಬರುತ್ತದೆಯೇ? ದಾರಿಯಲ್ಲಿ ಗಾಡಿ ಕೆಟ್ಟರೆ? (ಬಾಗಲಕೋಟೆ, ಅಥಣಿಯ ಓದುಗರು)

ಉತ್ತರ: ಅಡ್ವಾನ್ಸ್ ವಾಪಸ್ಸಿಗೆ ಎಲ್ಲರಿಗೂ ಒಂದೇ ನಿಯಮವಿಲ್ಲ, ನೀವು ಒಪ್ಪಿಕೊಂಡ ಷರತ್ತೇ ನಿಯಮ. ಒಂದು ದಿನ ಮುಂಚೆ ಹೇಳಿದರೆ ಪೂರ್ತಿ ಕೊಡುವವರು ಇದ್ದಾರೆ, ಲಗ್ನದ ಮುಹೂರ್ತದ ದಿನ, ಯಲ್ಲಮ್ಮನ ಹುಣ್ಣಿಮೆಗೆ ಏನೂ ಕೊಡದವರೂ ಇದ್ದಾರೆ. ಮಾಲೀಕರೇ ಕೈಕೊಟ್ಟರೆ ಏನು ಎಂಬ ಸಾಲನ್ನೂ ಹಾಕಿಸಿ, ಅದನ್ನು ಕೇಳುವವರೇ ಕಡಿಮೆ.

ಗಾಡಿ ಕೆಟ್ಟರೆ ಅಲ್ಲಿಯವರೆಗಿನ ಕಿ.ಮೀ. ಮಾತ್ರ ನಿಮ್ಮದು. ಪಂಕ್ಚರ್, ರಿಪೇರಿ, ಬದಲಿ ಗಾಡಿ ಖಾಲಿ ಬರುವ ಓಟ ಮಾಲೀಕರದ್ದು. ಕೆಟ್ಟು ನಿಂತ ತಾಸುಗಳನ್ನು ವೇಟಿಂಗ್ ಎಂದು ಎಣಿಸುವಂತಿಲ್ಲ.

ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ದೂರಿನ ಜೊತೆ ವಾಟ್ಸ್ಆಪ್ ಸಂದೇಶ, ಅಡ್ವಾನ್ಸ್ ಕಳಿಸಿದ ಯುಪಿಐ ದಾಖಲೆ, ರೀಡಿಂಗ್ ಫೋಟೊ, ಬಿಲ್ಲು ಇಡಿ. ಪರ್ಮಿಟ್, ಫಿಟ್‌ನೆಸ್ ವಿಷಯವಾದರೆ ಆರ್‌ಟಿಒಗೆ ಹೋಗಬೇಕು.

ಪ್ರಶ್ನೆ: ಊರೊಳಗಿನ ಟ್ಯಾಕ್ಸಿಗೆ ಸರ್ಕಾರಿ ದರ ಇದೆಯೇ? (ಬೆಳಗಾವಿಯ ಓದುಗರು)

ಉತ್ತರ: ಇದೆ. 2024ರ ಜನವರಿಯ ಆದೇಶದಂತೆ 10 ಲಕ್ಷದೊಳಗಿನ ಬೆಲೆಯ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ರಾತ್ರಿ 12ರಿಂದ ಬೆಳಿಗ್ಗೆ 6ರ ತನಕ ಶೇ 10 ಹೆಚ್ಚು. ಕಾಯುವುದಕ್ಕೆ ಮೊದಲ 5 ನಿಮಿಷ ಉಚಿತ, ನಂತರ ನಿಮಿಷಕ್ಕೆ 1 ರೂಪಾಯಿ. ಸಾಂಬ್ರಾ ವಿಮಾನ ನಿಲ್ದಾಣಕ್ಕೆ ನಿಮ್ಮ ಮನೆಯಿಂದ 11 ಕಿ.ಮೀ. ಇದ್ದರೆ ಹಗಲಿನಲ್ಲಿ 268 ರೂಪಾಯಿ, ಆಪ್ ಟ್ಯಾಕ್ಸಿಯಾದರೆ ಜಿಎಸ್‌ಟಿ ಮೇಲೆ.