ಅಕ್ಕನಿಗೊಂದು ಪ್ರಶ್ನೆ: ಹೊಸ ಊರಲ್ಲಿ ಮಿಲಿಟರಿ ಸಂಸಾರ

ಪ್ರಶ್ನೆ: ಅಕ್ಕಾ ನಮಸ್ತೆ. ಮದುವೆಯಾಗಿ ಇನ್ನೂ ಅರ್ಧ ವರ್ಷನೂ ಆಗಿಲ್ಲ. ಗಂಡ ಆರ್ಮಿಲಿ ನಾಯಕ್, ಈಗ ಜಬಲ್‌ಪುರದಲ್ಲಿ ಪೀಸ್ ಪೋಸ್ಟಿಂಗ್, ಅಂದ್ರೆ ಫ್ಯಾಮಿಲಿ ಜೊತೆಗಿಟ್ಕೊಳ್ಳೋ ಕಡೆ. ಕ್ವಾರ್ಟರ್ಸ್ ಲಿಸ್ಟಲ್ಲಿ ನಮ್ಮ ಹೆಸರು ತುಂಬಾ ಕೆಳಗಿದೆ ಅಂತ ಕಂಟೋನ್ಮೆಂಟ್ ಹೊರಗೆ ಎರಡು ರೂಮಿನ ಬಾಡಿಗೆ ಮನೆ ಮಾಡಿದಾರೆ. ಬೆಳಗ್ಗೆ ಕತ್ತಲಲ್ಲೇ ಪಿಟಿಗೆ ಹೋಗ್ತಾರೆ, ಮಧ್ಯಾಹ್ನ ಊಟಕ್ಕೆ ಬಂದು ಮತ್ತೆ ಗೇಮ್ಸು ರೋಲ್ ಕಾಲು ಅಂತ ಹೋದ್ರೆ ಕತ್ತಲಾದ ಮೇಲೇ, ಗಾರ್ಡ್ ಡ್ಯೂಟಿ ಬಿದ್ರೆ ರಾತ್ರಿನೂ ಇಲ್ಲ. ಹಿಂದಿ ನನಗೆ ಅರ್ಥ ಆಗುತ್ತೆ ಆದ್ರೆ ಮಾತಾಡೋಕೆ ಬಾಯಿ ಬರಲ್ಲ. ಮದುವೆಗೆ ಮುಂಚೆ ಫೋನಲ್ಲಿ ಗಂಟೆಗಟ್ಟಲೆ ಮಾತಾಡ್ತಿದ್ದ ಮನುಷ್ಯ ಈಗ ಎದುರಿಗೆ ಕೂತ್ರೂ ಮಾತಿಲ್ಲ, ಇವತ್ತೇನಾಯ್ತು ಅಂತ ಕೇಳಿದ್ರೆ "ಏನಿಲ್ಲ" ಅಷ್ಟೇ. ಮುಂದಿನ ತಿಂಗಳು ಯುದ್ಧಾಭ್ಯಾಸದ ಎಕ್ಸರ್ಸೈಸ್‌ಗೆ ಹೋಗ್ಬೇಕಂತೆ, ಎಷ್ಟು ದಿನ ಅಂತ ಅವರಿಗೇ ಸರಿಯಾಗಿ ಗೊತ್ತಿಲ್ಲ. ಅತ್ತೆ ಮಾವ ಒಬ್ಳೇ ಇರ್ಬೇಡ ಊರಿಗೆ ಬಂದ್ಬಿಡು ಅಂತಿದಾರೆ. ಇವರನ್ನ ಕೇಳಿದ್ರೆ ನಿನ್ನಿಷ್ಟ ಅಂತಾರೆ. ಹೋಗ್ಲಾ ಅಕ್ಕಾ, ಇರ್ಲಾ?
(ಹೆಸರು ಬೇಡ, ಜಬಲ್‌ಪುರ)

ಉತ್ತರ: ಅಲ್ಲೇ ಇರು ತಂಗಿ, ಊರಿಗೆ ಹೋಗ್ಬೇಡ. ಮೊದಲು ಉತ್ತರ ಹೇಳ್ಬಿಟ್ಟೆ, ಕಾರಣ ಆಮೇಲೆ. ಅದಕ್ಕೂ ಮುಂಚೆ ಒಂದು ಮಾತು, ನಿನ್ನ ಪತ್ರದಲ್ಲಿ ಯೂನಿಟ್ ಹೆಸರು, ಹೊರಡೋ ತಾರೀಖು ಎಲ್ಲಾ ಬರೆದಿದ್ದೆ, ಅದನ್ನ ಇಲ್ಲಿ ತೆಗೆದುಹಾಕಿದೀನಿ. ಇನ್ಮೇಲೆ ಯಾರಿಗೂ ಬರೀಬೇಡ, ತವರುಮನೆ ವಾಟ್ಸಾಪ್ ಗ್ರೂಪಿಗೂ ಬೇಡ.

ಯಾಕಿರು ಅಂದೆ ಅಂದ್ರೆ, ಈ ಎಕ್ಸರ್ಸೈಸ್ ಮುಗಿದ ಮೇಲೆ ಇನ್ನೊಂದು ಬರುತ್ತೆ, ಅದಾದ್ಮೇಲೆ ಕೋರ್ಸು, ಆಮೇಲೆ ಫೀಲ್ಡ್ ಪೋಸ್ಟಿಂಗು, ಪ್ರತಿ ಸಲ ಅವರು ಹೊರಟಾಗ್ಲೂ ನೀನು ಬ್ಯಾಗ್ ಕಟ್ಕೊಂಡು ಊರಿಗೆ ಹೋದ್ರೆ ನಿನಗೆ ಯಾವ ಊರೂ ನಿನ್ನದು ಅನ್ಸಲ್ಲ. ಫೀಲ್ಡಿಗೆ ಕರ್ಕೊಂಡು ಹೋಗೋಕಾಗಲ್ಲ, ಪೀಸ್ ಸಿಗೋದೇ ಎರಡೋ ಮೂರೋ ವರ್ಷ, ಅದೂ ಇಬ್ರೂ ಒಂದೇ ಸೂರಿನ ಕೆಳಗೆ ಇರೋದಕ್ಕೆ ಸಿಕ್ಕ ಟೈಮು. ಹಾಗಂತ ಹಠಕ್ಕೆ ಇರು ಅಂತಿಲ್ಲ. ನೀನು ಬಸುರಿಯಾಗಿದ್ರೆ, ಹುಷಾರಿಲ್ದೇ ಇದ್ರೆ, ಇಲ್ಲಾ ಆ ಮನೆ ಸುತ್ತಮುತ್ತ ನಿನಗೆ ಭಯ ಆಗೋ ಹಾಗಿದ್ರೆ ಹೋಗ್ಬಿಡು, ಅದ್ರಲ್ಲಿ ನಾಚಿಕೆ ಏನಿಲ್ಲ. ಬೇಜಾರಿಗೆ ಮಾತ್ರ ಹೋಗ್ಬೇಡ.

ಆದ್ರೆ ಅವರು ಹೊರಡೋಕ್ಕಿಂತ ಮುಂಚೆ ಆಗ್ಲೇಬೇಕಾದ ಕೆಲಸ ಇದೆ. ಪಾರ್ಟ್ ಟೂ ಆರ್ಡರ್, ಅಂದ್ರೆ ಮದುವೆಯನ್ನ ಆರ್ಮಿ ದಾಖಲೆಗೆ ಸೇರಿಸೋ ಆದೇಶ, ಆಗಿದ್ಯಾ ಕೇಳು. ನಿಮ್ಮ ಮದುವೆ ಆಗಿದೆ ಅನ್ನೋದು ಊರಿಗೆಲ್ಲಾ ಗೊತ್ತು, ಫೋಟೋ ಆಲ್ಬಮ್ಮೂ ಇರುತ್ತೆ, ಆದ್ರೆ ಯೂನಿಟ್ ಆಫೀಸಲ್ಲಿ ಪಾರ್ಟ್ ಟೂ ಆರ್ಡರ್ ಹೊರಟು ರೆಕಾರ್ಡ್ ಆಫೀಸಲ್ಲಿ ನಿನ್ನ ಹೆಸರು ಏರೋವರೆಗೂ ಆರ್ಮಿ ಕಣ್ಣಿಗೆ ನಿನ್ನ ಗಂಡ ಬ್ರಹ್ಮಚಾರಿನೇ. ಡಿಪೆಂಡೆಂಟ್ ಕಾರ್ಡು, ಎಂ.ಎಚ್.ನಲ್ಲಿ (ಮಿಲಿಟರಿ ಆಸ್ಪತ್ರೆಲಿ) ಚಿಕಿತ್ಸೆ, ಕ್ವಾರ್ಟರ್ಸು, ಪೋಸ್ಟಿಂಗ್ ಮೇಲೆ ಹೋಗುವಾಗ ನಿನಗೂ ರೈಲು ವಾರಂಟು (ಸರ್ಕಾರಿ ಖರ್ಚಿನ ಟಿಕೆಟ್ ಚೀಟಿ), ಎಲ್ಲಾ ಅದರ ಹಿಂದೆನೇ ಬರೋದು. ಇದಕ್ಕೆ ಮದುವೆ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಬೇಕು, ಛತ್ರದವರು ಕೊಟ್ಟ ರಸೀದಿನೋ ಲಗ್ನಪತ್ರಿಕೆನೋ ಸಾಕಾಗಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿಂದು ಆಗ್ಬೇಕು. ಇನ್ನೂ ಮಾಡಿಸಿಲ್ಲ ಅಂದ್ರೆ ಮುಂದಿನ ರಜೆಲಿ ಊರಿಗೆ ಹೋದಾಗ ನೆಂಟರ ಮನೆ ಊಟ ಎಲ್ಲಾ ಪಕ್ಕಕ್ಕಿಟ್ಟು ಇಬ್ರೂ ಮೊದಲು ಅಲ್ಲಿಗೆ ಹೋಗಿ.

ಹೆಸರಿನ ವಿಷಯ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆಯವರಿಗೆ ಬೇರೆಯವರಿಗಿಂತ ಜಾಸ್ತಿ ಕಾಟ ಕೊಡೋದು ಇದೇ. ನಮ್ಮಲ್ಲಿ ಆಧಾರಲ್ಲಿ ಹೆಸರಿನ ಮುಂದೆ ಬರೀ ಇನಿಶಿಯಲ್ ಇರುತ್ತೆ, ಮಾರ್ಕ್ಸ್ ಕಾರ್ಡಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆ ಸರ್ಟಿಫಿಕೇಟಲ್ಲಿ ಗಂಡನ ಹೆಸರು ಸೇರ್ಕೊಂಡಿರುತ್ತೆ, ಪ್ಯಾನ್ ಕಾರ್ಡಲ್ಲಿ ಇನ್ನೇನೋ. ನಮಗೆ ನಾಲ್ಕೂ ಒಬ್ಳೇ ಅಂತ ಗೊತ್ತು, ಕ್ಲರ್ಕಿಗೆ ನಾಲ್ಕು ಜನ ಹೆಂಗಸರು. ಆಧಾರಲ್ಲಿ ಒಂದು ಸ್ಪೆಲ್ಲಿಂಗ್ ಖಾಯಂ ಮಾಡು, ಪ್ಯಾನು, ಬ್ಯಾಂಕು, ಪಾರ್ಟ್ ಟೂ ಎಲ್ಲಾ ಅದರ ಪ್ರಕಾರನೇ ಇರ್ಲಿ. ಗಂಡನ ಹೆಸರು ಸೇರಿಸ್ಕೋಬೇಕು ಅಂತ ಕಡ್ಡಾಯ ಏನಿಲ್ಲ, ಬೇಕಿದ್ರೆ ಸೇರಿಸ್ಕೋ ಬೇಡ ಅಂದ್ರೆ ಬಿಡು, ಆದ್ರೆ ಎಲ್ಲಾ ಕಡೆ ಒಂದೇ ಥರ.

ಎರಡನೇದು, ಎಂ.ಐ. ರೂಮು, ಅಂದ್ರೆ ಯೂನಿಟ್ಟಿನ ಚಿಕ್ಕ ದವಾಖಾನೆ, ಎಲ್ಲಿದೆ, ಅಲ್ಲಿಂದ ಎಂ.ಎಚ್.ಗೆ ಹೇಗೆ ಕಳಿಸ್ತಾರೆ ಅಂತ ಅವರು ಇರೋವಾಗ್ಲೇ ಒಂದು ಸಲ ಹೋಗಿ ನೋಡ್ಕೊಂಡು ಬಾ, ಜ್ವರ ಬರೋವರೆಗೂ ಕಾಯಬೇಡ. ಗೇಟಲ್ಲಿ ಕಾರ್ಡ್ ತೋರಿಸೋದು, ಕ್ಯೂ ಎಲ್ಲಿ, ಲೇಡೀಸ್ ಟೈಮ್ ಯಾವಾಗ, ಇದೆಲ್ಲಾ ಒಂದು ಸಲ ಕಣ್ಣಲ್ಲಿ ನೋಡಿದ್ರೆ ಅರ್ಧ ಭಯ ಹೋಗುತ್ತೆ. ಅವರಿಲ್ಲದಾಗ ಯಾರಿಗೆ ಫೋನ್ ಮಾಡ್ಬೇಕು ಅಂತನೂ ಬರೆಸ್ಕೋ. ಯೂನಿಟ್ ಹೊರಗೆ ಹೋದ್ರೂ ಹಿಂದೆ ರಿಯರ್ ಪಾರ್ಟಿ ಅಂತ ಒಂದಷ್ಟು ಜನ ಇದ್ದೇ ಇರ್ತಾರೆ, ಫ್ಯಾಮಿಲಿಗಳ ಕಷ್ಟ ನೋಡೋದೂ ಅವರ ಕೆಲಸನೇ, ನೀನು ಫೋನ್ ಮಾಡಿದ್ರೆ ಉಪಕಾರ ಕೇಳ್ದಂಗಲ್ಲ. ಬಾಡಿಗೆ ಮನೆ ಅಂದ್ಯಲ್ಲ, ಔಟ್ ಲಿವಿಂಗ್ ಪರ್ಮಿಷನ್, ಅಂದ್ರೆ ಹೊರಗೆ ಮನೆ ಮಾಡೋ ಅನುಮತಿ, ಬರವಣಿಗೆಲಿ ಇದ್ಯಾ, ಮನೆ ಬಾಡಿಗೆ ಭತ್ಯೆ ಸಂಬಳದಲ್ಲಿ ಸೇರಿದ್ಯಾ ನೋಡ್ಸು. ಜಬಲ್‌ಪುರ ಬಾಡಿಗೆ ಭತ್ಯೆ ಲೆಕ್ಕದಲ್ಲಿ ವೈ ದರ್ಜೆ ಊರು, ಡಿಎ (ತುಟ್ಟಿಭತ್ಯೆ) 50 ಪರ್ಸೆಂಟ್ ಮುಟ್ಟಿದ ಮೇಲೆ 2024ರ ಜನವರಿಯಿಂದ ಅಂಥ ಊರಿಗೆ ಬೇಸಿಕ್ಕಿನ 20 ಪರ್ಸೆಂಟ್ ಆಯ್ತು, ಎಷ್ಟೋ ಹುಡುಗರು ಪೇ ಸ್ಲಿಪ್ ತೆಗೆದೂ ನೋಡಲ್ಲ.

ಸಂಬಳ ಅಂದ್ಮೇಲೆ, ನೀನು ಆ ವಿಷಯ ಎತ್ತಿಲ್ಲ ಆದ್ರೆ ನಾನು ಎತ್ತುತೀನಿ. ಇಷ್ಟು ದಿನ ಅವರ ಸಂಬಳ ಹೆಚ್ಚುಕಮ್ಮಿ ಪೂರ್ತಿ ಊರಿಗೆ ಹೋಗ್ತಿತ್ತು, ತಾನು ಲಂಗರಲ್ಲಿ (ಯೂನಿಟ್ ಊಟದ ಮನೆಲಿ) ಉಂಡು ಬ್ಯಾರಕ್ಕಲ್ಲಿ ಮಲಗೋನಿಗೆ ಖರ್ಚೇನಿರುತ್ತೆ. ಈಗ ಎರಡು ಒಲೆ. ಊರಿಗೆ ಎಷ್ಟು, ಇಲ್ಲಿಗೆ ಎಷ್ಟು ಅಂತ ಇಬ್ರೂ ಕೂತು ಒಂದು ಸಲ ಲೆಕ್ಕ ಹಾಕಿ ಅವರ ಬಾಯಿಂದನೇ ಊರಿಗೆ ಹೇಳಿಸು, ನೀನು ಹೇಳ್ಬೇಡ. ಸೊಸೆ ಬಂದ್ಮೇಲೆ ದುಡ್ಡು ಕಮ್ಮಿ ಆಯ್ತು ಅನ್ನೋ ಮಾತು ಹುಟ್ಟೋದು ಮಗ ಬಾಯಿ ಬಿಡದೇ ಇದ್ದಾಗಲೇ. ಅವರು ಫೈರಿಂಗ್ ರೇಂಜಲ್ಲಿದ್ದಾಗ ನೆಟ್ವರ್ಕ್ ಇರಲ್ಲ, ಹಂಗಾಗಿ ನಿನ್ನ ಕೈಲಿ ನಡೆಯೋ ಒಂದು ಜಾಯಿಂಟ್ ಅಕೌಂಟು ಹೊರಡೋ ಮುಂಚೆನೇ ಇರ್ಬೇಕು.

ಇನ್ನು ಮಾತಿಲ್ಲ ಅನ್ನೋದು. ಫೋನಲ್ಲಿ ಮಾತಾಡ್ತಿದ್ದಾಗ ಅವರಿಗೆ ದಿನಕ್ಕೆ ಅದೊಂದೇ ಸಂತೋಷ, ಬ್ಯಾರಕ್ ಹಿಂದೆ ಎಲ್ಲೋ ಸಿಗ್ನಲ್ ಹುಡ್ಕೊಂಡು ನಿಂತು ಮಾತಾಡಿರ್ತಾರೆ. ಈಗ ನೀನೇ ಮನೇಲಿದ್ದೀಯ, ಬಂದ ತಕ್ಷಣ ದೇಹ ಸೋತು ಬಿದ್ಬಿಡುತ್ತೆ. ಕೆಲವು ವಿಷಯ ಅವರು ಹೇಳೋ ಹಾಗೇ ಇಲ್ಲ, ಅದು ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ. "ಇವತ್ತೇನಾಯ್ತು" ಅಂದ್ರೆ ಡ್ಯೂಟಿ ವಿಷಯ ಕೇಳಿದ ಹಾಗಾಗುತ್ತೆ, ಅದಕ್ಕೆ ಏನಿಲ್ಲ ಅಂತಾರೆ. ಜನರ ಬಗ್ಗೆ ಕೇಳು. ಪಕ್ಕದ ಬೆಡ್ಡಲ್ಲಿ ಮಲಗ್ತಿದ್ದ ಫ್ರೆಂಡಿಗೆ ಮಗು ಆಯ್ತಾ, ವಾಲಿಬಾಲಲ್ಲಿ ಯಾರು ಗೆದ್ರು, ಸುಬೇದಾರ್ ಮೇಜರ್ ಸಾಬ್ ಇವತ್ತು ಯಾರಿಗೆ ಬೈದ್ರು, ನೋಡು ಹೇಗೆ ಬಾಯಿ ಬಿಡ್ತಾರೆ ಅಂತ. ಇದೆಲ್ಲಾ ಮಾಡಿದ್ರೂ ತಿಂಗಳುಗಟ್ಟಲೆ ಮೌನನೇ ಇದ್ರೆ, ನಿದ್ದೆ ಇಲ್ಲ ಕುಡಿತ ಜಾಸ್ತಿ ಅಂದ್ರೆ, ಅದು ಸುಸ್ತಲ್ಲ, ಅವಾಗ ಎಂ.ಎಚ್. ಡಾಕ್ಟ್ರ ಹತ್ರ ಹೋಗ್ಲೇಬೇಕು. "ನಿನ್ನಿಷ್ಟ" ಅಂದಿದ್ದು ಮಾತ್ರ ನನಗೆ ಸರಿ ಅನ್ನಿಸ್ಲಿಲ್ಲ, ಅಪ್ಪ ಅಮ್ಮನಿಗೆ ಹೇಳೋ ಧೈರ್ಯ ಇಲ್ದೇ ನಿನ್ನ ತಲೆ ಮೇಲೆ ಹಾಕಿದಾರೆ, ಅವಳು ಇಲ್ಲೇ ಇರ್ತಾಳೆ ಅಂತ ಅವರೇ ಹೇಳ್ಬೇಕು.

ಹಿಂದಿಗೆ ಪುಸ್ತಕ ತಗೋಬೇಡ. ದಿನಾ ತರಕಾರಿ ನೀನೇ ತಾ, ತಪ್ಪು ತಪ್ಪಾಗೇ ಮಾತಾಡು, ಲಿಂಗ ಅದಲು ಬದಲಾದ್ರೆ ನಗ್ತಾರೆ, ನಗ್ಲಿ. ಯೂನಿಟ್ಟಿನ ಫ್ಯಾಮಿಲಿ ವೆಲ್ಫೇರ್ ಮೀಟ್ ಇದ್ದಾಗ ತಪ್ಪಿಸ್ಬೇಡ, ಮೂಲೆಲಿ ಕೂತ್ರೂ ಪರವಾಗಿಲ್ಲ ಹೋಗು. ಆವಾ ಅಂತಾರಲ್ಲ, ಸೈನಿಕರ ಹೆಂಡತಿಯರ ಸಂಘ, 1966ರಲ್ಲಿ ಶುರುವಾಗಿದ್ದು, ಹೊಲಿಗೆ ಕಂಪ್ಯೂಟರು ಅಂತ ಕ್ಲಾಸುಗಳೂ ನಡೀತಾವೆ. ಕೆಲವು ಹೆಂಗಸರು ಗಂಡನ ರ್‍ಯಾಂಕು ತಾವೇ ಹಾಕ್ಕೊಂಡು ಓಡಾಡ್ತಾರೆ ನಿಜ, ಅವರಿಗೆ ನಮಸ್ತೆ ಹೇಳಿ ಮುಂದೆ ಹೋಗು, ಅಲ್ಲೇ ನಿನ್ನ ಹಾಗೇ ಬಾಯಿ ಬರದೇ ಕೂತಿರೋ ತಮಿಳು ಹುಡುಗಿನೋ ಒಡಿಯಾ ಹುಡುಗಿನೋ ಇರ್ತಾಳೆ, ನಿನಗೆ ಬೇಕಾಗಿರೋದು ಅವಳು.

ಅತ್ತೆ ಮಾವನಿಗೆ ಬರಲ್ಲ ಅನ್ಬೇಡ, ನೀವೇ ಬನ್ನಿ ಅನ್ನು. ಬೆಂಗಳೂರಲ್ಲಿ ಸಂಘಮಿತ್ರ ಹತ್ತಿದ್ರೆ ರೈಲು ಬದಲಾಯಿಸದೇ ಜಬಲ್‌ಪುರ, ಒಂದು ದಿನದ ಮೇಲೆ ಸ್ವಲ್ಪ ಹೊತ್ತು ಅಷ್ಟೇ. ಅತ್ತೆ ಬಂದು ಹದಿನೈದು ದಿನ ಇದ್ರೆ ಮನೆ ಹೇಗಿದೆ, ಬಾಡಿಗೆ ಎಷ್ಟು, ಮಗ ಎಷ್ಟು ದುಡೀತಾನೆ ಅಂತ ಕಣ್ಣಾರೆ ನೋಡ್ತಾರೆ. ಭೇಡಾಘಾಟಲ್ಲಿ ಅಮೃತಶಿಲೆ ಬಂಡೆಗಳ ಮಧ್ಯೆ ನರ್ಮದೆ ನೋಡ್ಕೊಂಡು ಬನ್ನಿ, ನರ್ಮದಾ ಸ್ನಾನ ಅಂದ್ರೆ ಬೇಡ ಅನ್ನೋ ಅತ್ತೆ ಇಲ್ಲ.

ಪ್ರಶ್ನೆ: ಅಕ್ಕಾ, ನಾನು ಸಿಪಾಯಿ, ಈಗಷ್ಟೇ ಮದುವೆ ಆಗಿದೆ. ಇನ್ಶೂರೆನ್ಸಲ್ಲಿ ನಾಮಿನಿ ಅಮ್ಮ ಇದ್ದಾರೆ. ಹೆಂಡತಿ ಹೆಸರು ಹಾಕ್ಸು ಅಂತ ಯೂನಿಟಲ್ಲಿ ಹೇಳ್ತಿದಾರೆ, ಅಮ್ಮನಿಗೆ ಗೊತ್ತಾದ್ರೆ ನೊಂದ್ಕೋತಾರೆ. ಸುಮ್ನೆ ಹಾಗೇ ಬಿಟ್ರೆ ಏನಾಗುತ್ತೆ?
(ಒಬ್ಬ ಓದುಗ, ಸಿಕಂದರಾಬಾದ್)

ಉತ್ತರ: ತಮ್ಮಾ, ಸುಮ್ನೆ ಬಿಟ್ರೆ ನೀನಿಲ್ಲದ ದಿನ ಆ ಇಬ್ರು ಹೆಂಗಸರು ಜಗಳ ಆಡ್ತಾರೆ, ಅಷ್ಟೇ ಆಗೋದು. ಕಟುವಾಗಿ ಹೇಳಿದೆ, ಬೇಜಾರಾಗ್ಬೇಡ. ಆರ್ಮಿ ಗ್ರೂಪ್ ಇನ್ಶೂರೆನ್ಸು, 1976ರಿಂದ ಇರೋದು, ಅದರಲ್ಲಿ ಪಾಲು ಹಾಕಿ ಬರೆಯೋ ಅವಕಾಶ ಇದೆ, ಒಬ್ಬರಿಗೇ ಪೂರ್ತಿ ಕೊಡ್ಬೇಕು ಅಂತಿಲ್ಲ. ಕುಟುಂಬ ಪಿಂಚಣಿ ನಿಯಮದ ಪ್ರಕಾರ ಮೊದಲು ಹೋಗೋದು ಹೆಂಡತಿಗೆ, ಅದನ್ನ ಮನಸ್ಸಲ್ಲಿಟ್ಟುಕೊಂಡು ಇನ್ಶೂರೆನ್ಸಲ್ಲಿ ಅಮ್ಮನಿಗೂ ಒಂದು ಪಾಲು ಇಡು, ಎಷ್ಟು ಅನ್ನೋದು ನಿನ್ನ ಮನೆ ನೋಡ್ಕೊಂಡು ನೀನೇ ತೀರ್ಮಾನ ಮಾಡು. ಆಮೇಲೆ ಮುಚ್ಚಿಡ್ಬೇಡ, ಇಬ್ರನ್ನೂ ಕೂರಿಸ್ಕೊಂಡು ಒಂದೇ ಸಲ ಹೇಳು. ಅಮ್ಮನ ವರಮಾನ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ಡಿಎ ಒಳಗಿದ್ರೆ ಅವರನ್ನೂ ಡಿಪೆಂಡೆಂಟ್ ಮಾಡಿಸ್ಬೋದು, ಎಂ.ಎಚ್.ನಲ್ಲಿ ಚಿಕಿತ್ಸೆ ಸಿಗುತ್ತೆ. ಕಾಗದದಲ್ಲಿ ಮಗನ ಹೆಸರಿನ ಕೆಳಗೆ ತನ್ನ ಹೆಸರೂ ಇದೆ ಅಂತ ಗೊತ್ತಾದ್ರೆ ಅಮ್ಮ ನೀನು ಅಂದ್ಕೊಂಡಷ್ಟು ನೊಂದ್ಕೊಳ್ಳಲ್ಲ.

ಪ್ರಶ್ನೆ: ಬಿ.ಎಡ್. ಮಾಡಿದೀನಿ, ಮದುವೆಗೋಸ್ಕರ ಊರಲ್ಲಿದ್ದ ಟೀಚರ್ ಕೆಲಸ ಬಿಟ್ಟೆ. ಇವರಿಗೆ ಮೂರು ವರ್ಷಕ್ಕೊಂದು ಊರು. ನನ್ನ ಓದು ವೇಸ್ಟಾ?
(ಓದುಗಳು, ಪುಣೆ)

ಉತ್ತರ: ಬಿ.ಎಡ್. ಇದ್ರೆ ಈ ಬದುಕಲ್ಲಿ ನಿನ್ನಷ್ಟು ಅದೃಷ್ಟವಂತೆ ಇಲ್ಲ ಅಂತ ನಾನು ಹೇಳೋದು, ಬ್ಯಾಂಕ್ ಕೆಲಸ ಬಿಟ್ಟು ಬಂದವರನ್ನ ಕೇಳು ಬೇಕಾದ್ರೆ. ಆರ್ಮಿ ಪಬ್ಲಿಕ್ ಸ್ಕೂಲ್‌ಗಳು ಹೆಚ್ಚುಕಮ್ಮಿ ಎಲ್ಲಾ ದೊಡ್ಡ ಕಂಟೋನ್ಮೆಂಟಲ್ಲೂ ಇವೆ, 1983ರಲ್ಲಿ ಶುರುವಾದ ಆರ್ಮಿ ವೆಲ್ಫೇರ್ ಎಜುಕೇಷನ್ ಸೊಸೈಟಿ ನಡೆಸೋದು, ಅದರ ಆನ್‌ಲೈನ್ ಸ್ಕ್ರೀನಿಂಗ್ ಪರೀಕ್ಷೆ ಬರೆದಿಟ್ಕೋ. ಒಂದು ಸಲ ಪಾಸಾದ್ರೆ ಮುಂದಿನ ಊರಲ್ಲೂ ಇಂಟರ್ವ್ಯೂಗೆ ಆ ಸ್ಕೋರ್ ಕಾರ್ಡ್ ಹಿಡ್ಕೊಂಡು ಹೋಗ್ಬೋದು. ಕೇಂದ್ರೀಯ ವಿದ್ಯಾಲಯಗಳಲ್ಲೂ ಪ್ರತಿ ವರ್ಷ ಕಾಂಟ್ರ್ಯಾಕ್ಟ್ ಟೀಚರ್‌ಗೆ ವಾಕ್ ಇನ್ ಕರೀತಾರೆ. ಸಂಬಳ ಪರ್ಮನೆಂಟ್ ಕೆಲಸದಷ್ಟು ಇರಲ್ಲ, ಅದು ನಿಜ. ನಿನ್ನ ಹಳೇ ಸ್ಕೂಲಿಂದ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ತಗೊಂಡಿಲ್ಲ ಅಂದ್ರೆ ಈಗಲೇ ತರಿಸ್ಕೋ, ಪ್ರತಿ ಊರು ಬಿಡುವಾಗ್ಲೂ ಅದನ್ನ ಕೈಗೆ ತಗೊಂಡ ಮೇಲೇ ಸಾಮಾನು ಪ್ಯಾಕ್ ಮಾಡು. ಎಂ.ಎ. ಆಸೆ ಇದ್ರೆ ಇಗ್ನೋ ಮುಕ್ತ ವಿಶ್ವವಿದ್ಯಾಲಯ ಒಳ್ಳೇದು, ಪೋಸ್ಟಿಂಗ್ ಬಂದ್ರೆ ಸ್ಟಡಿ ಸೆಂಟರ್ ಬದಲಾಯಿಸ್ಕೊಳ್ಬೋದು.

ಪ್ರಶ್ನೆ: ಹೊಸ ಕ್ವಾರ್ಟರ್ಸಿಗೆ ಬಂದಿದೀವಿ, ಮನೆ ಟೂರ್ ರೀಲ್ಸ್ ಮಾಡೋಣ ಅಂದ್ರೆ ಗಂಡ ಬೈತಾರೆ. ಅದರಲ್ಲೇನಿದೆ ಗುಟ್ಟು, ಎರಡು ರೂಮು ಒಂದು ಅಡುಗೆಮನೆ. ಇನ್ನೊಂದು, ಊರಿಂದ ದಿನಾ ಯಾರಾದ್ರೂ ಮಿಲಿಟರಿ ಕ್ಯಾಂಟೀನಿನ ಕಮ್ಮಿ ರೇಟಿನ ಸಾಮಾನು ಕೇಳ್ತಾರೆ.
(ಓದುಗಳು, ಅಂಬಾಲ)

ಉತ್ತರ: ಅಡುಗೆಮನೆಲಿ ಗುಟ್ಟಿಲ್ಲ, ಕಿಟಕಿಲಿದೆ. ಹಿಂದೆ ಕಾಣೋ ಬೋರ್ಡು, ಗಾಡಿ ನಂಬರು, ಅವರ ಯೂನಿಫಾರ್ಮಿನ ಗುರುತು, ಮೂರೂ ಸೇರಿದ್ರೆ ಯಾವ ಯೂನಿಟ್ ಎಲ್ಲಿದೆ ಅಂತ ಗೊತ್ತಾಗುತ್ತೆ. 2020ರಲ್ಲಿ ಆರ್ಮಿ ತನ್ನವರಿಗೆ ಫೇಸ್‌ಬುಕ್ಕು ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್ ಫೋನಿಂದ ತೆಗೀರಿ ಅಂದಿತ್ತು, ಸುಮ್ನೆ ಅಲ್ಲ. ಹೆಂಡತಿ ಹಾಕಿದ ವಿಡಿಯೋಗೆ ಕಟಕಟೆ ಹತ್ತೋದು ಗಂಡ. ಅಡುಗೆ ಮಾಡಿ ತೋರಿಸು, ರಂಗೋಲಿ ಹಾಕಿ ತೋರಿಸು, ಊರಿನ ಹೆಸರು ಮಾತ್ರ ಬೇಡ.

ಕ್ಯಾಂಟೀನ್ ವಿಷಯಕ್ಕೆ, ಸಾಮಾನು ಕೊಡೋದು ಸ್ಮಾರ್ಟ್ ಕಾರ್ಡ್ ಮೇಲೆ, ತಿಂಗಳ ಮಿತಿ ಇರುತ್ತೆ, ತಗೊಂಡು ಬೇರೆಯವರಿಗೆ ಮಾರಿದ್ರೆ ಕಾರ್ಡೂ ಹೋಗ್ಬೋದು ಗಂಡನ ಮೇಲೆ ಕ್ರಮನೂ ಆಗ್ಬೋದು. ಅಪ್ಪನಿಗೆ ಒಂದು ಬ್ಯಾಗು, ತಂಗಿಗೆ ಒಂದು ಸೋಪಿನ ಡಬ್ಬಿ ಉಡುಗೊರೆ ಅಂತ ಕೊಡ್ತೀಯ, ಅದು ಬೇರೆ. ಚಿಕ್ಕಪ್ಪನ ಮಗನ ಮದುವೆಗೆ ಎರಡು ಕೇಸ್ ಬಾಟ್ಲಿ ಅಂದ್ರೆ, ನಮ್ಮ ಕಾರ್ಡಲ್ಲಿ ಅಷ್ಟು ಬರಲ್ಲ ಚಿಕ್ಕಪ್ಪ ಅಂತ ಹೇಳು, ಸುಳ್ಳೂ ಅಲ್ಲ.