ಒಂದೇ ಮನೆ, ಒಂದೇ ಹಿಟ್ಟು, ಶುಗರ್ ಮಾತ್ರ ಬೇರೆ ಬೇರೆ

ಕೋಲಾರದ ಹತ್ರದ ಹಳ್ಳಿಯ ಸಂಸಾರ ಇದು, ಗುರುತು ಸಿಗಬಾರದು ಅಂತ ವಯಸ್ಸು ವಿವರ ಸ್ವಲ್ಪ ಬದಲಾಯಿಸಿದೀನಿ. ತಾತನಿಗೆ 72, ಮಗನಿಗೆ 36, ಜೊತೆಗೆ ಸೊಸೆ, 13 ವರ್ಷದ ಮೊಮ್ಮಗಳು. ಸಲಹೆಗೆ ಅಂತ ನನ್ನ ಹತ್ರ ಬಂದಿದ್ದು ಮಗನ ವಿಷಯಕ್ಕೆ. ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸ, ಅಲ್ಲಿ ಚೆಕಪ್ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಶುಗರ್ (HbA1c) 8.4 ಬಂದಿದೆ. 6.5 ಮುಟ್ಟಿದ್ರೇ ಡಯಾಬಿಟೀಸ್.

"ಅಪ್ಪನಿಗೆ 60ಕ್ಕೆ ಬಂತು, ನಂಗೆ ಈಗ್ಲೇ ಯಾಕೆ ಮೇಡಮ್, ಅದೇ ಹಿಟ್ಟು ಅದೇ ಬಸ್ಸಾರು ತಾನೆ ನಾನೂ ತಿನ್ನೋದು?" ಅಂದ್ರು, ಗಂಟಲು ಕಟ್ಟಿತ್ತು. ನಿಮಗೊಬ್ರಿಗೇ ಅಲ್ಲ ಅಣ್ಣ, 2023ರಲ್ಲಿ ಬಂದ ಐಸಿಎಂಆರ್ ಸರ್ವೆ ಪ್ರಕಾರ ದೇಶದಲ್ಲಿ 10 ಕೋಟಿ ಜನಕ್ಕೆ ಶುಗರ್ ಇದೆ, 13 ಕೋಟಿಗೂ ಮೇಲೆ ಬಾರ್ಡರಲ್ಲಿದಾರೆ ಅಂದೆ. ತಾತ ಆ ವಯಸ್ಸಲ್ಲಿ ಹಿಪ್ಪುನೇರಳೆ ತೋಟದಲ್ಲಿ ದಿನವಿಡೀ ಗುದ್ದಲಿ ಹಿಡಿದವರು, ತಿಂದ ಹಿಟ್ಟಿನ ಸಕ್ಕರೆನೆಲ್ಲಾ ಮಾಂಸಖಂಡ ಎಳ್ಕೊಳ್ತಿತ್ತು. ಮಗನಿಗೆ ನೈಟ್ ಶಿಫ್ಟು, ಬೈಕಲ್ಲಿ ಓಡಾಟ, ಶಿಫ್ಟಿಗೆ ಐದಾರು ಸಕ್ಕರೆ ಟೀ, ಸೊಂಟ 98 ಸೆಂಟಿಮೀಟರ್, ನಮ್ಮ ಗಂಡಸರಿಗೆ 90 ದಾಟಬಾರದು. ರಾಗಿ ಅಲ್ವಾ ಎಷ್ಟು ತಿಂದ್ರೂ ನಡಿಯುತ್ತೆ ಅಂತ ದೊಡ್ಡ ಮುದ್ದೆ ಎರಡು ತಿಂತಿದ್ರು, ಈ ನಂಬಿಕೆ ನಮ್ಮ ಕಡೆ ಎಲ್ಲಾ ಮನೇಲೂ ಇದೆ, ರಾಗಿಲೂ ಇರೋದು ಪಿಷ್ಟನೇ.

ಒಂದು ಸಣ್ಣ ಮುದ್ದೆ, ತಟ್ಟೆ ಅರ್ಧ ಸೊಪ್ಪು ತರಕಾರಿ, ಮೊಳಕೆ ಹುರುಳಿಯೋ ಮೊಟ್ಟೆಯೋ ದಿನಾ ಇರ್ಲಿ, ಟೀಗೆ ಸಕ್ಕರೆ ಬೇಡ, ಊಟ ಆದ್ಮೇಲೆ ಕಾಲು ಗಂಟೆ ನಡೀರಿ, ವಾರಕ್ಕೆ ಎರಡು ಮೂರು ದಿನ ಬಸ್ಕಿ ಹೊಡೀರಿ ಅಂದೆ. ಕಣ್ಣು, ಯೂರಿನ್ ಟೆಸ್ಟ್ ಈಗ್ಲೇ ಮಾಡಿಸ್ಬೇಕು, ಚಿಕ್ಕ ವಯಸ್ಸಲ್ಲಿ ಬಂದ ಶುಗರ್ ಜೊತೆ ಇನ್ನೂ ನಲವತ್ತು ವರ್ಷ ಬಾಳಬೇಕಲ್ವಾ.

ಅಷ್ಟರಲ್ಲಿ ಸೊಸೆ "ಮಾವನ್ನ ನೋಡಿ ಕಲೀರಿ, ಅವರದು 5.9" ಅಂದ್ರು. ನಂಗೆ ಅಲ್ಲೇ ಭಯ ಆಯ್ತು. ತಾತನದು ಒಣಗಿದ ಕೈ, ಶುಗರ್ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ, ರಾತ್ರಿ ಶುಗರ್ ಏರುತ್ತೆ ಅಂತ ಊಟ ಬಿಟ್ಟು ಒಂದು ಲೋಟ ಮಜ್ಜಿಗೆ ಕುಡಿದು ಮಲಗೋದು. ರಾತ್ರಿ ಬೆವರುತ್ತಾ ತಾತ ಅಂತ ಕೇಳಿದೆ. "ಮೂರು ಗಂಟೆಗೆ ಬನೀನ್ ಹಿಂಡೋ ಹಾಗೆ ಬೆವರುತ್ತಮ್ಮ, ಕೈ ನಡುಗುತ್ತೆ, ವಯಸ್ಸಾಯ್ತಲ್ಲ ಅಂತ ಯಾರಿಗೂ ಹೇಳ್ಲಿಲ್ಲ." ಅದು ವಯಸ್ಸಲ್ಲ, ಶುಗರ್ ಇಳೀತಿತ್ತು. ಎಲ್ರೂ ಮೆಚ್ಕೊಂಡಿದ್ದ ನಂಬರೇ ಅಪಾಯದ್ದು. ರಾತ್ರಿ ಊಟ ಬಿಡ್ಬೇಡಿ, ಹಾಗೆ ಬೆವರಿ ನಡುಕ ಬಂದ್ರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡೀರಿ ಅಂದು ಅವತ್ತೇ ಡಾಕ್ಟರ್ ಹತ್ರ ಕಳಿಸ್ದೆ. ಅವರು ಮಾತ್ರೆ ಅರ್ಧಕ್ಕಿಳಿಸಿ, ಈ ವಯಸ್ಸಿಗೆ, ಈ ಶರೀರಕ್ಕೆ 8ರ ಒಳಗಿದ್ರೆ ಸಾಕು ಅಂದ್ರಂತೆ.

ಎದ್ದು ಹೊರಡುವಾಗ ಹುಡುಗಿ ಕತ್ತಿನ ಹಿಂದೆ ನೋಡ್ದೆ, ಮಡಿಕೆಯಲ್ಲಿ ಕಪ್ಪಾಗಿ ದಪ್ಪಗಾಗಿದೆ. "ಕೊಳೆ ಮೇಡಮ್, ಎಷ್ಟು ಕಡಲೆಹಿಟ್ಟು ಹಾಕಿ ಉಜ್ಜಿದ್ರೂ ಹೋಗಲ್ಲ" ಅಂದ್ರು ತಾಯಿ, ಮಗು ಜಡೆ ಮುಂದಿದ್ದದ್ದನ್ನ ಹಿಂದಕ್ಕೆ ಎಳ್ಕೊಂಡ್ಳು. ಉಜ್ಜಬೇಡಿ ಅಮ್ಮ, ಕೊಳೆ ಅಲ್ಲ ಅದು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹೀಗಾಗುತ್ತೆ, ಬೈಬೇಡಿ, ಖಾಲಿ ಹೊಟ್ಟೇಲಿ ಬ್ಲಡ್ ಟೆಸ್ಟ್ ಮಾಡ್ಸಿ ಅಂದೆ. ಶನಿವಾರ ರಿಪೋರ್ಟ್ ತರ್ತಾರೆ.