ಆರು ವರ್ಷದ ಮಗ ತಾಯಿಯ ಜೊತೆ ತುಮಕೂರಿನಲ್ಲಿದ್ದಾನೆ, ನಾನು ಬೆಂಗಳೂರಿನಲ್ಲಿ. ಐದು ತುಂಬಿದ ಮೇಲೆ ಮಗ ಅಪ್ಪನಿಗೇ ಸೇರುತ್ತಾನೆ ಅಂತ ಯಾರೋ ಹೇಳಿದರು. ಕೋರ್ಟ್ ಅವನನ್ನು ನನಗೆ ಎಷ್ಟು ದಿನ ಕೊಡುತ್ತದೆ?

ಸರ್, ನಾನು ನಿಮ್ಮ ಹೆಂಡತಿಯ ಜಾಗದಲ್ಲಿ ಕೂತವಳು. ಮಗಳನ್ನು ಕರೆದುಕೊಂಡು ತುಮಕೂರಿನ ತವರಿಗೆ ಬಂದೆ, ಅವಳ ಅಪ್ಪ ಬೆಂಗಳೂರಿನಲ್ಲೇ ಉಳಿದರು. ಆ ಕಡೆಯಿಂದ ಹೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ತಿಂಗಳಿಗೆ ಇಷ್ಟು ದಿನ ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಐದು ತುಂಬಿದ ಮೇಲೆ ಮಗ ಅಪ್ಪನಿಗೇ ಸೇರುತ್ತಾನೆ ಅಂತ ಯಾರೋ ಹೇಳಿದರು ಅಂದಿದ್ದೀರಿ. ಅದನ್ನು ನಂಬಬೇಡಿ. ಹಿಂದೂಗಳಿಗೆ ಅನ್ವಯಿಸುವ 1956ರ ಪೋಷಕತ್ವ ಕಾಯ್ದೆ ಹೇಳುವುದು, ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತ ಅಷ್ಟೇ. ಐದಾದ ಕೂಡಲೇ ತಾನಾಗಿ ಅಪ್ಪನ ಪಾಲಾಗುವುದಿಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು.

ಕಸ್ಟಡಿ ಅರ್ಜಿ, ಅಂದರೆ ಮಗು ಯಾರ ಹತ್ತಿರ ಇರಬೇಕು ಅಂತ ಕೇಳುವ ಅರ್ಜಿ, ಮಗು ವಾಸ ಇರುವ ಊರಿನಲ್ಲೇ ಹಾಕಬೇಕು. ಅಂದರೆ ತುಮಕೂರಿನ ಫ್ಯಾಮಿಲಿ ಕೋರ್ಟ್‌ಗೆ ನೀವು ಓಡಾಡಬೇಕಾಗುತ್ತದೆ. ಬೆಂಗಳೂರಿನಲ್ಲಿ ಡೈವೋರ್ಸ್ ಕೇಸ್ ಆಗಲೇ ನಡೀತಿದ್ದರೆ ಅದರಲ್ಲೇ ಕೇಳಬಹುದು.

ಈಗ ನಿಜವಾದ ವಿಷಯ. ಗಂಡ ಹೆಂಡತಿ ಜಗಳದಲ್ಲಿ ಯಾರದು ಸರಿ ಅಂತ ತೀರ್ಮಾನಿಸಿ ಬಹುಮಾನದ ಹಾಗೆ ಮಗುವನ್ನು ಕೊಡುವುದಿಲ್ಲ. ಅವನನ್ನು ಬೆಳಿಗ್ಗೆ ಎಬ್ಬಿಸುವವರು ಯಾರು, ಸ್ಕೂಲ್ ಯಾವುದು, ಜ್ವರ ಬಂದರೆ ಡಾಕ್ಟರ್ ಹತ್ತಿರ ಓಡುವವರು ಯಾರು, ನೀವು ಕೆಲಸಕ್ಕೆ ಹೋದಾಗ ಮನೆಯಲ್ಲಿ ಯಾರಿರುತ್ತಾರೆ, ಇಂಥವು ಲೆಕ್ಕಕ್ಕೆ ಬರುತ್ತವೆ. ಸಂಬಳ ಜಾಸ್ತಿ ಇದೆ ಅನ್ನುವುದೊಂದೇ ಸಾಕಾಗುವುದಿಲ್ಲ. ಸ್ವಲ್ಪ ತಿಳುವಳಿಕೆ ಬಂದ ಮಗುವಾದರೆ ಜಡ್ಜ್ ಚೇಂಬರ್‌ಗೆ ಕರೆದು ಮಾತಾಡಿಸುವುದೂ ಉಂಟು. ದಯವಿಟ್ಟು ಬಾಯಿಪಾಠ ಮಾಡಿಸಿ ಕಳಿಸಬೇಡಿ. ದಿನಾ ಇಂಥ ಮಕ್ಕಳನ್ನು ನೋಡುವವರಿಗೆ ಗೊತ್ತಾಗದೇ ಇರುತ್ತಾ?

ಕಸ್ಟಡಿ ತಾಯಿಗೇ ಉಳಿದರೂ ನಿಮ್ಮನ್ನು ಸುಮ್ನೆ ಹೊರಗಿಡುವುದಿಲ್ಲ. ಮಗುವಿಗೆ ಅಪ್ಪ ಅಮ್ಮ ಇಬ್ಬರ ಪ್ರೀತಿಯೂ ಸಿಗಬೇಕು, ದೂರ ಇರುವವರಿಗೆ ವಿಡಿಯೋ ಕಾಲ್‌ನಲ್ಲಾದರೂ ಮಾತಾಡಲು ಅವಕಾಶ ಇರಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಶನಿವಾರ ಭಾನುವಾರ, ಬೇಸಿಗೆ ರಜೆ ದಸರಾ ರಜೆಯಲ್ಲಿ ಒಂದು ಪಾಲು, ಈ ತರಹ ಇರುತ್ತದೆ. ಕೇಸ್ ಮುಗಿಯುವವರೆಗೆ ಕಾಯಬೇಕಿಲ್ಲ, ಮಧ್ಯಂತರ ಆದೇಶ ಕೇಳಿ.

ಆದೇಶದ ಪ್ರತಿ ಸಾಲನ್ನೂ ಓದಿ. ನಮ್ಮದರಲ್ಲಿ "ಶನಿವಾರ ಬೆಳಿಗ್ಗೆ 10" ಅಂತಿತ್ತು. ಶನಿವಾರ ಬೆಳಗಿನ ಸ್ಕೂಲ್ ಇರುತ್ತದೆ ಅನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ. ಮಗಳ ಅಪ್ಪ ಹತ್ತಕ್ಕೇ ಬಂದು ನಮ್ಮ ಮನೆ ಬಾಗಿಲಲ್ಲಿ ನಿಲ್ಲುವುದು, ನಮ್ಮಮ್ಮ ಹಳೇದನ್ನೆಲ್ಲ ಎತ್ತಿ ಶುರು ಮಾಡುವುದು. ಮಗಳು ಆಟೋದಿಂದ ಇಳಿಯುವ ಹೊತ್ತಿಗೆ ರಾಮಾಯಣ. ಕೊನೆಗೆ ಇಬ್ಬರೂ ಸೇರಿ ಕೋರ್ಟ್‌ಗೆ ಮೆಮೊ (ಲಿಖಿತ ಮನವಿ) ಹಾಕಿ ಬದಲಾಯಿಸಿಕೊಂಡೆವು: ಸ್ಕೂಲ್ ಬಿಟ್ಟ ಮೇಲೆ ಗೇಟ್‌ನಲ್ಲೇ ಅಪ್ಪ ಕರೆದುಕೊಳ್ಳುವುದು, ಭಾನುವಾರ ಸಂಜೆ ಅಮಾನಿಕೆರೆ ಪಾರ್ಕ್ ಹತ್ತಿರ ತಂದುಬಿಡುವುದು. ಹೋಂವರ್ಕ್ ಅಲ್ಲೇ ಮುಗಿಸಿರಬೇಕು ಅಂತಲೂ ಸೇರಿಸಿದೆ. ಅದಕ್ಕೆ ಲಾಯರ್ ನಕ್ಕರು. ಭಾನುವಾರ ರಾತ್ರಿ ಒಂಬತ್ತಕ್ಕೆ ಮಗ್ಗಿ ಬರೆಸಿ ನೋಡಲಿ, ಆಮೇಲೆ ನಗಲಿ.

ಇನ್ನೊಂದು, ಮಗನನ್ನು ತೋರಿಸುತ್ತಿಲ್ಲ ಅಂತ ಜೀವನಾಂಶ ನಿಲ್ಲಿಸಬೇಡಿ. ಎರಡೂ ಬೇರೆ ಬೇರೆ. ದುಡ್ಡು ಬಂದಿಲ್ಲ ಅಂತ ನಿಮ್ಮ ಹೆಂಡತಿಯೂ ಮಗನನ್ನು ತಡೆಯುವಂತಿಲ್ಲ. ಆದೇಶ ಇದ್ದೂ ಕಳಿಸದಿದ್ದರೆ ಕೋರ್ಟ್‌ಗೇ ಹೇಳಿ, ತವರಿನ ಬಾಗಿಲಲ್ಲಿ ಕೂಗಾಡಬೇಡಿ.

ಲಾಯರ್ ಹತ್ತಿರ ಹೋಗುವಾಗ ಮಗನ ಸ್ಕೂಲಿನ ಈ ವರ್ಷದ ರಜಾಪಟ್ಟಿ, ನಿಮ್ಮ ಶಿಫ್ಟ್ ಚೀಟಿ ಎರಡೂ ಜೊತೆಗಿರಲಿ. ಅವೆರಡನ್ನು ನೋಡಿಯೇ ಯಾವ ದಿನ ಬೇಕು ಅಂತ ಬರೆಸಿ.